ಎಣ್ಣೆಯಲ್ಲಿ ಹೊಳೆದ ಹಳದಿ ಪುಡಿ

ಗಂಗಾವತಿ ಕಡೆಯ ಒಂದು ರೈಸ್ ಮಿಲ್‌ನಲ್ಲಿ ನಾನು ಮೆಂಟೇನೆನ್ಸ್ ನೋಡಿಕೊಳ್ಳುತ್ತೇನೆ. ಮೊದಲ ಕೆಲವು ವರ್ಷ ನಮ್ಮಲ್ಲಿ ಎಲ್ಲ ಗೇರ್‌ಬಾಕ್ಸಿಗೂ ಒಂದೇ ಎಣ್ಣೆ, ಲಾರಿ ಡಿಫರೆನ್ಷಿಯಲ್‌ಗೆ ಹಾಕುವ 90 ನಂಬರ್. ಸ್ಟೋರಿನಲ್ಲಿ ಒಂದೇ ಡ್ರಮ್ ಇದ್ದರೆ ಲೆಕ್ಕ ಸುಲಭ ಅಲ್ವಾ? ನಾನೂ ಅದೇ ಸರಿ ಅಂದುಕೊಂಡಿದ್ದೆ.

ಒಂದು ಏಪ್ರಿಲ್ ಮಧ್ಯಾಹ್ನ ಬಾಯ್ಲರ್ ಹುಡುಗ ಓಡಿ ಬಂದ. "ಅಣ್ಣಾ, ಫೀಡರ್ ಗೇರ್‌ಬಾಕ್ಸ್ ಮ್ಯಾಲ ಕೈ ಇಡಾಕ ಆಗವಲ್ದು." ಬಾಯ್ಲರಿಗೆ ಭತ್ತದ ಹೊಟ್ಟು ತಳ್ಳುವ ಸ್ಕ್ರೂ ಅದು. ಮೋಟಾರು 1440 ಆರ್‌ಪಿಎಂ, ವರ್ಮ್ ಗೇರ್‌ಬಾಕ್ಸ್ (ಸ್ಕ್ರೂ ಆಕಾರದ ಉಕ್ಕಿನ ಗೇರು ಕಂಚಿನ ವೀಲನ್ನು ತಿರುಗಿಸುವಂಥದ್ದು) 40ಕ್ಕೆ 1, ಸ್ಕ್ರೂ ತಿರುಗುವುದು ನಿಮಿಷಕ್ಕೆ 36 ಸುತ್ತು. ಟೆಂಪರೇಚರ್ ಗನ್ ಹಿಡಿದರೆ 94 ಡಿಗ್ರಿ. ಫೀಡರ್ ನಿಲ್ಲಿಸಿ, ಬಿಸಿ ಇರುವಾಗಲೇ ಎಣ್ಣೆಯನ್ನು ಸ್ಟೀಲ್ ಬೋಗುಣಿಗೆ ಇಳಿಸಿದೆ. ಬಿಸಿಲಿಗೆ ಒಯ್ದು ಬೋಗುಣಿ ಓರೆ ಮಾಡಿದರೆ ಕಪ್ಪು ಎಣ್ಣೆಯೊಳಗೆ ಹಳದಿ ಪುಡಿ ಮಿಣಮಿಣ ಅನ್ನುತ್ತಿತ್ತು. ಮ್ಯಾಗ್ನೆಟ್ ಇಟ್ಟೆ, ಒಂದು ಚೂರೂ ಅಂಟಲಿಲ್ಲ. ಕಬ್ಬಿಣ ಅಲ್ಲ. ಒಳಗಿನ ಕಂಚಿನ ವೀಲ್ ಸವೆದು ಉದುರಿದ್ದು. ನನ್ನ ಕೈಯಾರೆ ಹಾಳು ಮಾಡಿದೆನಲ್ಲ ಅಂತ ಹೊಟ್ಟೆ ಚುರುಕ್ ಅಂದಿತು.

ಎಡವಿದ್ದು ಎರಡು ಕಡೆ. ಮೊದಲನೆಯದು ದಪ್ಪ. ಬೇರೆ ಗೇರ್‌ಗಳಲ್ಲಿ ಹಲ್ಲಿನ ಮೇಲೆ ಹಲ್ಲು ಹೆಚ್ಚಾಗಿ ಉರುಳುತ್ತದೆ, ವರ್ಮ್‌ನಲ್ಲಿ ಉಜ್ಜಿಕೊಂಡೇ ಜಾರುತ್ತದೆ. ಅದಕ್ಕೇ ಬಿಸಿ ಜಾಸ್ತಿ, ಎಣ್ಣೆಯೂ ದಪ್ಪ ಬೇಕು. ಗೇರ್‌ಬಾಕ್ಸಿನ ಪ್ಲೇಟ್ ಮೇಲಿನ ಹೊಟ್ಟಿನ ಧೂಳು ಒರೆಸಿದರೆ "ವಿಜಿ 460" ಅಂತ ಕೊರೆದಿತ್ತು. 40 ಡಿಗ್ರಿಯಲ್ಲಿ ಸುಮಾರು 460 ಸೆಂಟಿಸ್ಟೋಕ್ ದಪ್ಪ ಅಂತ ಅದರ ಅರ್ಥ. ಲಾರಿಯ 90 ನಂಬರ್ ಈ ಲೆಕ್ಕದಲ್ಲಿ ಹೆಚ್ಚುಕಡಿಮೆ ವಿಜಿ 220ಕ್ಕೆ ಬರುತ್ತದೆ, ಅಂದರೆ ಅರ್ಧವೂ ಇಲ್ಲ. ಇಲ್ಲಿ ಬಹಳ ಜನ ಮೋಸಹೋಗುತ್ತಾರೆ. 90ಕ್ಕಿಂತ 100 ದಪ್ಪ ಅಂದುಕೊಳ್ಳುತ್ತಾರೆ. ಎರಡೂ ಬೇರೆ ಬೇರೆ ಅಳತೆ. ವಿಜಿ 100 ಆ 90ಕ್ಕಿಂತ ತೆಳು.

ಎರಡನೆಯದು ನನಗೆ ಗೊತ್ತೇ ಇರಲಿಲ್ಲ. ಡಿಫರೆನ್ಷಿಯಲ್ ಎಣ್ಣೆಯಲ್ಲಿ ಗಂಧಕದ ಅಂಶ ಇರುತ್ತದೆ. ಉಕ್ಕಿನ ಹಲ್ಲಿಗೆ ಅದು ಕಾವಲು. ಆದರೆ ಬಿಸಿ ಏರಿದ ಮೇಲೆ ಅದೇ ಗಂಧಕ ಕಂಚಿನಲ್ಲಿರುವ ತಾಮ್ರವನ್ನು ತಿನ್ನುತ್ತದೆ. ಭಾರೀ ಒತ್ತಡ ತಾಳುವ ಇಪಿ ಎಣ್ಣೆಗಳೆಲ್ಲ ಹಾಗಲ್ಲ. ಅದಕ್ಕೇ ಈಗ ಅಂಗಡಿಯಲ್ಲಿ ಡಾಟಾ ಶೀಟ್ ಕೇಳಿ, ತಾಮ್ರದ ಪಟ್ಟಿಯ ಟೆಸ್ಟ್ ಯಾವ ಸಾಲಿನಲ್ಲಿದೆ ಅಂತ ಹುಡುಕುತ್ತೇನೆ. ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ, ಸಾಮಾನ್ಯವಾಗಿ 100 ಡಿಗ್ರಿಯಲ್ಲಿ 3 ತಾಸು ಮುಳುಗಿಸಿಟ್ಟು ಬಣ್ಣ ನೋಡುವ ಟೆಸ್ಟ್ ಅದು. 1ಎ ಅಥವಾ 1ಬಿ, ಅಂದರೆ ಬಣ್ಣ ತೀರಾ ಕಡಿಮೆ ಬದಲಾಗಿದೆ ಅಂತ ಇದ್ದರೆ ಮಾತ್ರ ಕಂಚಿನ ವೀಲ್ ಇರುವ ಕಡೆ ಹಾಕುತ್ತೇನೆ.

ಸಾಹುಕಾರರಿಗೆ ಬೋಗುಣಿಯನ್ನೇ ತೋರಿಸಿದೆ. ಹೊಸ ವೀಲ್ ಹಾಕಿಸಿದೆವು. ಹೊಸ ವಿಜಿ 460 ಎಣ್ಣೆಯನ್ನೇ ಸ್ವಲ್ಪ ಹಾಕಿ, ಲೋಡ್ ಇಲ್ಲದೆ ಹತ್ತು ನಿಮಿಷ ಓಡಿಸಿ ತೊಳೆದು ಇಳಿಸಿದೆ. ಆಮೇಲೆ ಎಣ್ಣೆ ಮಟ್ಟ ತೋರಿಸುವ ಗಾಜಿನ ಗುರುತಿನವರೆಗೆ ಮಾತ್ರ ತುಂಬಿದೆ. ಜಾಸ್ತಿ ತುಂಬಿದರೂ ಎಣ್ಣೆ ಕಡೆದು ಕಡೆದು ಬಿಸಿಯಾಗುತ್ತದೆ. ಗೇರ್‌ಬಾಕ್ಸಿನ ಗಾಳಿ ಆಡುವ ಬ್ರೀದರ್ ಹೊಟ್ಟಿನಿಂದ ಕಟ್ಟಿತ್ತು, ಅದನ್ನೂ ಬಿಡಿಸಿದೆ. ಮರುವಾರ ಅದೇ ಹೊತ್ತಿಗೆ ಗನ್ ಹಿಡಿದೆ, 76 ಡಿಗ್ರಿ.

ಗ್ರೀಸಿನ ಕಡೆಗೂ ಕಣ್ಣು ಹೋಗಿದ್ದು ಆಮೇಲೆಯೇ. ಡ್ರೈಯರ್ ಬ್ಲೋವರ್ ಬೇರಿಂಗಿಗೆ ಸೀಲಿನಿಂದ ಹೊರಗೆ ಉಕ್ಕುವವರೆಗೆ ಗ್ರೀಸ್ ಹೊಡೆಯುವುದು ನಮ್ಮ ರೂಢಿಯಾಗಿತ್ತು. ಈಗ ಲೆಕ್ಕ ಹಾಕುತ್ತೇವೆ. ಹೊರ ವ್ಯಾಸ 140 ಮಿಮೀ, ಅಗಲ 33 ಮಿಮೀ. ಎರಡನ್ನೂ ಗುಣಿಸಿ 0.005ರಿಂದ ಗುಣಿಸಿದರೆ ಒಂದು ಸಲಕ್ಕೆ ಸುಮಾರು 23 ಗ್ರಾಂ. ಅಕ್ಕಿ ಸ್ಯಾಂಪಲ್ ತೂಗುವ ತಕ್ಕಡಿ ಮೇಲೆ ಪೇಪರ್ ಹಾಸಿ ಗ್ರೀಸ್ ಗನ್ನಿನಿಂದ ಹತ್ತು ಸಲ ಒತ್ತಿದೆ. 13 ಗ್ರಾಂ ಬಂತು. ಹಾಗಾಗಿ 18 ಒತ್ತು, ಅಷ್ಟೇ. ಗ್ರೀಸ್ ಬಕೆಟ್ ಬದಲಾಯಿಸುವಾಗ ಅದನ್ನು ಗಟ್ಟಿ ಮಾಡಿರುವುದು ಲಿಥಿಯಮ್ ಸೋಪೋ ಪಾಲಿಯೂರಿಯಾನೋ ನೋಡುತ್ತೇನೆ. ಇವೆರಡು ಬೆರೆತರೆ ಎಷ್ಟೋ ಸಲ ಗ್ರೀಸ್ ನೀರಾಗಿ ಸೋರಿಬಿಡುತ್ತದೆ.

ಈಗ ಒಂದೊಂದು ಗೇರ್‌ಬಾಕ್ಸಿನ ಮೇಲೂ ಅದರ ವಿಜಿ ನಂಬರನ್ನು ಹಳದಿ ಪೇಂಟಿನಲ್ಲಿ ಬರೆದಿದ್ದೇವೆ, ಡ್ರಮ್ಮಿನ ಮೇಲೂ ಅದೇ ನಂಬರ್. ಅಕ್ಕಿ ಹಾದುಹೋಗುವ ಪಾಲಿಶರ್‌ನ ಬೇರಿಂಗುಗಳಿಗೆ, ಅಕಸ್ಮಾತ್ ಅಕ್ಕಿಗೆ ಚೂರು ತಾಗಿದರೂ ನಡೆಯುವಂಥ ಎಚ್1 ಫುಡ್ ಗ್ರೇಡ್ ಗ್ರೀಸ್ ತರಿಸಿದ್ದೇವೆ. ಬೆಲೆ ಜಾಸ್ತಿಯೇ. ಎಲಿವೇಟರುಗಳ ಸರದಿ ಈ ಸುಗ್ಗಿ ಮುಗಿದ ಮೇಲೆ.