ಬಾಜಿಯ ದರ, ಸಮೀಕ್ಷೆಯ ಅಂಕಿ: ಎರಡನ್ನೂ ಓದುವ ಕ್ರಮ

ಚುನಾವಣೆ ಹತ್ತಿರವಾದಂತೆ ಸಾಗರದ ಅಡಿಕೆ ಮಂಡಿಯಲ್ಲಾಗಲಿ, ತೀರ್ಥಹಳ್ಳಿಯ ಹೋಟೆಲಿನಲ್ಲಾಗಲಿ ಟಿ.ವಿ. ಸಮೀಕ್ಷೆಯ ಅಂಕಿ ಮತ್ತು ಬೆಟ್ಟಿಂಗ್ ದರ ಎರಡೂ ಒಟ್ಟಿಗೇ ಓಡಾಡುತ್ತವೆ. ನಮ್ಮಲ್ಲಿ ಚುನಾವಣೆಯ ಮೇಲೆ ಬಾಜಿ ಕಟ್ಟುವುದು ಅಪರಾಧ; ಇಲ್ಲಿ ಹೇಳುತ್ತಿರುವುದು ಕಿವಿಗೆ ಬಿದ್ದ ದರವನ್ನು ಅರ್ಥ ಮಾಡಿಕೊಳ್ಳುವ ಬಗೆಯನ್ನಷ್ಟೆ.

ಮೊದಲು ದರವನ್ನು ಗೆಲುವಿನ ಸಾಧ್ಯತೆಯಾಗಿ ಬದಲಿಸಿಕೊಳ್ಳಬೇಕು. ಅಭ್ಯರ್ಥಿಯೊಬ್ಬರ ದರ 40 ಪೈಸೆ ಎಂದರೆ, ಅವರು ಗೆದ್ದಾಗ ಒಂದು ರೂಪಾಯಿ ಕಟ್ಟಿದವನಿಗೆ ಅಸಲಿನ ಜೊತೆಗೆ 40 ಪೈಸೆ ದಕ್ಕುತ್ತದೆ ಎಂದರ್ಥ. 1ನ್ನು 1.40ರಿಂದ ಭಾಗಿಸಿದರೆ ಶೇ 71 ಬರುತ್ತದೆ. ಎದುರಾಳಿಯ ದರ 2 ರೂಪಾಯಿ ಇದ್ದರೆ 1ನ್ನು 3ರಿಂದ ಭಾಗಿಸಬೇಕು, ಶೇ 33. ಮೊತ್ತ ನೂರನ್ನು ಮೀರುತ್ತದೆ. ಮೀರಿದ್ದು ಬುಕ್ಕಿಯ ಲಾಭ. ಅದನ್ನು ಸರಿದೂಗಿಸಿದರೆ ಮೊದಲಿನವರ ಸಾಧ್ಯತೆ ಸುಮಾರು ಶೇ 68ಕ್ಕೆ ಇಳಿಯುತ್ತದೆ. ‘ಗೆದ್ದೇಬಿಟ್ಟರು’ ಎಂದು ಮಂಡಿಯಲ್ಲಿ ಕೂಗಾಡುವವರ ದರದಲ್ಲಿಯೇ ಮೂರಕ್ಕೆ ಒಂದರಷ್ಟು ಸೋಲು ಅಡಗಿರುತ್ತದೆ.

ಸಮೀಕ್ಷೆ ಹೇಳುವುದು ಮತದ ಪಾಲನ್ನು. ಆದ್ದರಿಂದ ಈ ಎರಡು ಶೇಕಡಾಗಳನ್ನು ನೇರವಾಗಿ ಹೋಲಿಸಬಾರದು. ರಾಜ್ಯದಲ್ಲಿ 10,000 ಜನರನ್ನು ಕೇಳಿದರೂ 224 ಕ್ಷೇತ್ರಗಳಿಗೆ ಹಂಚಿದಾಗ ಸೊರಬದ ಪಾಲಿಗೆ ಸುಮಾರು 45 ಮಂದಿ ಸಿಗುತ್ತಾರೆ, ಅಲ್ಲಿ 15 ಶೇಕಡಾ ಅಂಶಗಳವರೆಗೆ ಹೆಚ್ಚುಕಡಿಮೆಯಾಗಬಹುದು. ಮತದ ಪಾಲು ಸರಿಯಿದ್ದರೂ ಸ್ಥಾನದ ಲೆಕ್ಕ ತಪ್ಪಬಹುದು: 2018ರಲ್ಲಿ ಕಾಂಗ್ರೆಸ್ಸಿಗೆ ಹೆಚ್ಚು ಮತ ಬಂದರೂ 104 ಸ್ಥಾನಗಳೊಂದಿಗೆ ಬಿಜೆಪಿಯೇ ಅತಿ ದೊಡ್ಡ ಪಕ್ಷವಾಯಿತು.

ಹಾಗಾದರೆ ಬಾಜಿಯೇ ಮೇಲೆ? ಅಮೆರಿಕದ ಅಯೋವಾ ವಿಶ್ವವಿದ್ಯಾಲಯವು 1988ರಿಂದ ನಡೆಸಿದ, ಚುನಾವಣಾ ಫಲಿತಾಂಶದ ಮೇಲೆ ಹಣ ಹೂಡುವ ಮಾರುಕಟ್ಟೆ ಹಲವು ಸಲ ಸಮೀಕ್ಷೆಗಳಿಗಿಂತ ಫಲಿತಾಂಶಕ್ಕೆ ಹತ್ತಿರವಿತ್ತು. ಆದರೆ ಸಮೀಕ್ಷೆಗಳನ್ನು ಮತದಾನಕ್ಕೆ ಉಳಿದ ದಿನಗಳಿಗೆ ತಕ್ಕಂತೆ ತಿದ್ದಿಕೊಂಡರೆ ಆ ಮೇಲುಗೈ ಉಳಿಯುವುದಿಲ್ಲ ಎಂದು ಬೇರೆ ಸಂಶೋಧಕರು ತೋರಿಸಿದ್ದಾರೆ. ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಬೇಕೆ ಎಂಬ ಬ್ರೆಕ್ಸಿಟ್ ಜನಮತಗಣನೆಯಲ್ಲಿಯೂ 2016ರ ಅಮೆರಿಕ ಚುನಾವಣೆಯಲ್ಲಿಯೂ ಬಾಜಿ ಸೋತಿತು. 2024ರಲ್ಲಿ ಸಮೀಕ್ಷೆಗಳು ಸಮಬಲ ಎನ್ನುತ್ತಿದ್ದಾಗ ಅದು ಟ್ರಂಪ್ ಕಡೆಗೆ ವಾಲಿ ಸರಿಯಾಯಿತು. ಅದೇ ವರ್ಷ ನಮ್ಮ ಲೋಕಸಭಾ ಚುನಾವಣೆಯಲ್ಲಿ ಹೆಚ್ಚಿನ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ಕ್ಕೂ ಹೆಚ್ಚು ಕೊಟ್ಟವು, ಬಂದದ್ದು 293. ರಾಜಸ್ಥಾನದ ಫಲೋದಿ ಸಟ್ಟಾ ಬಜಾರು, ಅಂದರೆ ಅಲ್ಲಿನ ಬಾಜಿ ಮಾರುಕಟ್ಟೆ, ಬಿಜೆಪಿಗೆ 300ರ ಆಸುಪಾಸು ಎಂದಿತ್ತೆಂದು ವರದಿಯಾಗಿತ್ತು, ಬಂದದ್ದು 240.

ನಮ್ಮ ಕಡೆಯ ದರವನ್ನು ಪರೀಕ್ಷಿಸಲು, ಅದು ಯಾವಾಗ ಬದಲಾಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ಮತಗಟ್ಟೆ ಸಮೀಕ್ಷೆ ಪ್ರಕಟವಾಗುವುದು ಕೊನೆಯ ಹಂತದ ಮತದಾನ ಮುಗಿದ ಮೇಲೆಯೇ. ದರ ಆ ಸಂಜೆಯೇ ಜಿಗಿದಿದ್ದರೆ ಅದು ಟಿ.ವಿ.ಯ ಪ್ರತಿಧ್ವನಿ, ಎರಡನೆಯ ಸಾಕ್ಷಿಯಲ್ಲ. ಅದಕ್ಕೂ ಮೊದಲೇ, ಒಬ್ಬಿಬ್ಬರು ದೊಡ್ಡ ಕುಳಗಳ ಹಣದಿಂದಲ್ಲದೆ ಹಲವರು ಕಟ್ಟಿದ್ದರಿಂದ ಬದಲಾಗಿದ್ದರೆ ಮಾತ್ರ ಗಮನಿಸಿ.