ಖಡಕ್ ರೊಟ್ಟಿಯಿಂದ ರೀಲ್ಸ್‌ವರೆಗೆ: ಸಣ್ಣ ಬ್ರ್ಯಾಂಡ್‌ಗೆ ಸೋಷಿಯಲ್ ಮೀಡಿಯಾ ಹೇಗೆ ಬಳಸುವುದು?

ವಿಜಯಪುರದಲ್ಲಿರುವ ನಮ್ಮ ಚಿಗವ್ವ (ಚಿಕ್ಕಮ್ಮ) ಏಳೆಂಟು ಹೆಣ್ಣುಮಕ್ಕಳನ್ನು ಜೊತೆಗಿಟ್ಟುಕೊಂಡು ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಚಟ್ನಿ ಪುಡಿ) ಮಾಡಿ ಮಾರುತ್ತಾಳೆ. ಇನ್‌ಸ್ಟಾಗ್ರಾಮ್‌ನಲ್ಲಿ ಅವಳ ಪೇಜಿಗೆ 11 ಸಾವಿರ ಫಾಲೋವರ್ಸ್ ಇದ್ದಾರೆ. ಹೋದ ಸಲ ಊರಿಗೆ ಹೋದಾಗ ಕೇಳಿದಳು: “ತಮ್ಮಾ, ಹನ್ನೊಂದು ಸಾವಿರ ಮಂದಿ ನೋಡ್ತಾರ ಅಂತಿ. ಹಂಗಾದ್ರ ರೊಟ್ಟಿ ಯಾಕ ಉಳೀತಾವು?”

ಒಳ್ಳೆಯ ಪ್ರಶ್ನೆ. ದೊಡ್ಡ ಕಂಪನಿಗಳ ಮಾರ್ಕೆಟಿಂಗ್ ವಿಭಾಗದವರೂ ಇದನ್ನೇ ಕೇಳಿಕೊಳ್ಳಬೇಕು. ಕಳೆದ ಮೂರ್ನಾಲ್ಕು ವರ್ಷದಲ್ಲಿ ಸೋಷಿಯಲ್ ಮೀಡಿಯಾದ ಲೆಕ್ಕಾಚಾರ ಪೂರ್ತಿ ಬದಲಾಗಿದೆ. ನಿಮ್ಮನ್ನು ಫಾಲೋ ಮಾಡುವವರಿಗೆಲ್ಲ ನಿಮ್ಮ ಪೋಸ್ಟ್ ಕಾಣುತ್ತದೆ ಅನ್ನುವ ಕಾಲ ಹೋಯಿತು. ಈಗ ಆ್ಯಪ್‌ಗಳು ಪ್ರತಿ ವಿಡಿಯೊವನ್ನೂ ಬೇರೆಬೇರೆಯಾಗಿ ತೂಗಿ ನೋಡಿ, ಯಾರಿಗೆ ತೋರಿಸಬೇಕು ಎಂದು ತೀರ್ಮಾನಿಸುತ್ತವೆ. ಆದ್ದರಿಂದ ನಮ್ಮ ಕೆಲಸ ಎರಡು: ಜನ ಒಬ್ಬರಿಗೊಬ್ಬರು ಕಳಿಸಿಕೊಳ್ಳುವಂಥದ್ದನ್ನು ಮಾಡುವುದು, ಹಾಗೆ ಬಂದವರನ್ನು ನಮ್ಮದೇ ಗಿರಾಕಿ ಪಟ್ಟಿಗೆ ಸೇರಿಸಿಕೊಳ್ಳುವುದು. ಚಿಗವ್ವನ ಜೊತೆ ಕೂತು ನಾವು ಮಾಡಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಮೊದಲು ಕೀಲಿಕೈ ನಿಮ್ಮ ಕೈಗೆ ಬರಲಿ

ಚಿಗವ್ವನ ಇನ್‌ಸ್ಟಾಗ್ರಾಮ್ ಪೇಜ್ ಯಾರ ಮೊಬೈಲ್ ನಂಬರ್ ಮೇಲೆ ಇತ್ತು ಗೊತ್ತಾ? ಎರಡು ವರ್ಷದ ಹಿಂದೆ ಪೇಜ್ ಮಾಡಿಕೊಟ್ಟ ಹುಡುಗನದು. ಅವನು ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಿದ್ದ. ಪಾಸ್‌ವರ್ಡ್ ಬದಲಿಸಲು ಅವನಿಗೆ ಫೋನ್ ಮಾಡಿ, ಒಟಿಪಿ ಕೇಳಿ, ಒಂದು ಇಡೀ ದಿನ ಹೋಯಿತು. ಅವನು ಒಳ್ಳೆಯವನು, ಕೊಟ್ಟ. ಕೊಡದಿದ್ದರೆ ಎರಡು ವರ್ಷದ ದುಡಿಮೆ ನೀರಿನಲ್ಲಿ ಹೋಮ ಮಾಡಿದ ಹಾಗೆ ಆಗುತ್ತಿತ್ತು.

ಇವತ್ತೇ ನೋಡಿಕೊಳ್ಳಿ. ನಿಮ್ಮ ಪೇಜ್, ಯೂಟ್ಯೂಬ್ ಚಾನೆಲ್, ಜಾಹೀರಾತು ಖಾತೆ ಎಲ್ಲವೂ ನಿಮ್ಮ ಇಮೇಲ್, ನಿಮ್ಮ ನಂಬರ್ ಮೇಲೆ ಇವೆಯಾ? ಇಲ್ಲದಿದ್ದರೆ ಬದಲಿಸಿ. ಪಾಸ್‌ವರ್ಡ್ ಜೊತೆಗೆ ಒಟಿಪಿಯನ್ನೂ ಕೇಳುವ ಎರಡು ಹಂತದ ಲಾಗಿನ್ ಆನ್ ಮಾಡಿ. ಬೇರೆಯವರು ಕೆಲಸ ಮಾಡಬೇಕಿದ್ದರೆ ಪಾಸ್‌ವರ್ಡ್ ಕೊಡಬೇಡಿ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾದ ‘ಮೆಟಾ ಬಿಸಿನೆಸ್ ಸೂಟ್’ನಲ್ಲಿ ಅವರಿಗೆ ಬೇಕಾದಷ್ಟೇ ಅನುಮತಿ ಕೊಡುವ ಸೌಲಭ್ಯ ಇದೆ.

ಹಂತ 2: ಗೂಗಲ್‌ನಲ್ಲಿ ನಿಮ್ಮ ವಿಳಾಸ ಹಾಕಿ

ಮುಂಚೆ ಗೂಗಲ್ ಮೈ ಬಿಸಿನೆಸ್ ಅನ್ನುತ್ತಿದ್ದರು. 2021ರಿಂದ ಅದರ ಹೆಸರು ಗೂಗಲ್ ಬಿಸಿನೆಸ್ ಪ್ರೊಫೈಲ್. ಇದು ಪುಕ್ಕಟೆ. ಹೆಸರು, ಫೋನ್, ತೆರೆಯುವ ಹೊತ್ತು, ಹತ್ತು ಒಳ್ಳೆಯ ಫೋಟೊ ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಮನೆಯಿಂದಲೇ ಮಾರುವವರಾದರೆ ಮನೆ ವಿಳಾಸ ಮುಚ್ಚಿಟ್ಟು, ಯಾವ ಯಾವ ಊರಿಗೆ ನೀವೇ ತಲುಪಿಸುತ್ತೀರಿ ಎಂದಷ್ಟೇ ತೋರಿಸಬಹುದು. ಬಂದ ಪ್ರತಿ ರಿವ್ಯೂಗೂ ಎರಡು ಸಾಲು ಉತ್ತರ ಬರೆಯಿರಿ.

ಇಲ್ಲಿ ಒಂದು ಹೊಸ ವಿಷಯ ಇದೆ. 2024ರ ಆಗಸ್ಟ್‌ನಿಂದ ಭಾರತದಲ್ಲೂ ಗೂಗಲ್ ಹುಡುಕಾಟದ ಮೇಲ್ಭಾಗದಲ್ಲಿ ಎಐ ಬರೆದ ಉತ್ತರ ಕಾಣಿಸಲು ಶುರುವಾಯಿತು. ಮೊದಲು ಬಂದದ್ದು ಇಂಗ್ಲಿಷ್, ಹಿಂದಿಯಲ್ಲಿ. ಉತ್ತರ ಅಲ್ಲೇ ಸಿಕ್ಕಿದರೆ ಎಷ್ಟೋ ಜನ ಕೆಳಗಿನ ಲಿಂಕ್ ಒತ್ತುವುದೇ ಇಲ್ಲ. ಹಾಗಾಗಿ ನಿಮ್ಮ ವೆಬ್‌ಸೈಟ್ ಇದ್ದರೆ ಗಿರಾಕಿ ಕೇಳುವ ಪ್ರಶ್ನೆಗಳನ್ನೇ ತಲೆಬರಹ ಮಾಡಿ, ಕೆಳಗೆ ನೇರ ಉತ್ತರ ಕೊಡಿ. “ಖಡಕ್ ರೊಟ್ಟಿ ಎಷ್ಟು ದಿನ ಇರುತ್ತದೆ?” “ಕೊರಿಯರ್‌ನಲ್ಲಿ ಒಡೆಯುವುದಿಲ್ಲವೇ?” ಹೀಗೆ. 2025ರ ಜುಲೈನಿಂದ ಇನ್‌ಸ್ಟಾಗ್ರಾಮ್‌ನ ಪ್ರೊಫೆಷನಲ್ (ವ್ಯಾಪಾರದ ಅಥವಾ ಕ್ರಿಯೇಟರ್) ಖಾತೆಗಳ ಸಾರ್ವಜನಿಕ ಪೋಸ್ಟ್‌ಗಳೂ ಗೂಗಲ್ ಹುಡುಕಾಟದಲ್ಲಿ ಸಿಗುತ್ತವೆ. ಅಂದರೆ ಪೋಸ್ಟಿನ ಕೆಳಗೆ ಬರೆಯುವ ಕ್ಯಾಪ್ಷನ್‌ಗೂ ಬೆಲೆ ಬಂದಿದೆ. ಸುಮ್ನೆ ಎರಡು ಹೃದಯದ ಎಮೋಜಿ ಹಾಕಿ ಬಿಡಬೇಡಿ. ಏನು ತಿಂಡಿ, ಯಾವ ಊರಿನದು, ಎಷ್ಟು ದರ ಅಂತ ಬರೆಯಿರಿ.

ಹಂತ 3: ಚಿಕ್ಕ ವಿಡಿಯೊ ಮಾಡಿ, ಆದರೆ ಯಾರಿಗಾಗಿ ಅಂತ ಮೊದಲೇ ಯೋಚಿಸಿ

2020ರ ಜೂನ್ 29ರಂದು ಭಾರತದಲ್ಲಿ ಟಿಕ್‌ಟಾಕ್ ನಿಷೇಧ ಆಯಿತು. ಜುಲೈನಲ್ಲೇ ಇನ್‌ಸ್ಟಾಗ್ರಾಮ್ ರೀಲ್ಸ್ ಬಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಪರೀಕ್ಷೆ ನಮ್ಮ ದೇಶದಲ್ಲೇ ಮೊದಲು ಶುರುವಾಯಿತು. ಅಲ್ಲಿಂದ ಈಚೆಗೆ ಎರಡೂ ಬೆಳೆಯುತ್ತಲೇ ಇವೆ. 2024ರ ಅಕ್ಟೋಬರ್‌ನಿಂದ ಶಾರ್ಟ್ಸ್ 3 ನಿಮಿಷದವರೆಗೆ ಇರಬಹುದು. 2025ರ ಜನವರಿಯಿಂದ ರೀಲ್ಸ್ ಕೂಡ ಅಷ್ಟೇ. ಆದರೆ ಸಿಕ್ಕಿದ ಜಾಗವನ್ನೆಲ್ಲ ತುಂಬಲೇಬೇಕು ಎಂದಿಲ್ಲ. ರೊಟ್ಟಿ ತಟ್ಟುವ 25 ಸೆಕೆಂಡ್ ಸಾಕು.

ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಮ್ ಮೊಸ್ಸೆರಿ 2025ರ ಜನವರಿಯಲ್ಲಿ ಒಂದು ಮಾತು ಬಿಡಿಸಿ ಹೇಳಿದರು. ವಿಡಿಯೊ ಎಷ್ಟು ಹೊತ್ತು ನೋಡಿದರು, ನೋಡಿದವರಲ್ಲಿ ಎಷ್ಟು ಜನ ಲೈಕ್ ಕೊಟ್ಟರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು. ಮುಖ್ಯವಾಗಿ ಈ ಮೂರನ್ನು ಆ್ಯಪ್ ನೋಡುತ್ತದೆ. ನಿಮ್ಮನ್ನು ಫಾಲೋ ಮಾಡದ ಹೊಸಬರಿಗೆ ವಿಡಿಯೊ ತಲುಪಬೇಕಾದರೆ ಮೂರನೆಯದಕ್ಕೆ ತೂಕ ಜಾಸ್ತಿ.

ಇದನ್ನು ಚಿಗವ್ವನಿಗೆ ಹೀಗೆ ಹೇಳಿದೆ: “ನಿನ್ನ ವಿಡಿಯೊ ನೋಡಿ ಬೆಂಗಳೂರಿನಲ್ಲಿರೋ ಮಗಳು, ವಿಜಯಪುರದಲ್ಲಿರೋ ಅವ್ವನಿಗೆ ಕಳಿಸಬೇಕು. ಯಾಕೆ ಕಳಿಸ್ತಾಳೆ?” ಅವಳಿಗೆ ತಕ್ಷಣ ಹೊಳೆಯಿತು. “ಇದರಾಗ ಏನ ತಪ್ಪೈತಿ ನೋಡವ್ವಾ ಅಂತ ಕಳಸ್ತಾಳ.” ನಿಜ ಅಲ್ವಾ? ಮಸಾಲೆ ಎಷ್ಟಿರಬೇಕು, ಶೇಂಗಾ ಎಷ್ಟು ಹುರಿಯಬೇಕು ಎಂಬುದರಲ್ಲಿ ಮನೆಗೊಂದು ಪದ್ಧತಿ. ಅವಳು ಮಾಡಿದ “ಹಿಂಡಿಗೆ ಬೆಳ್ಳುಳ್ಳಿ ಹಸಿದೋ ಹುರಿದದ್ದೋ?” ಎಂಬ ವಿಡಿಯೊದ ಕೆಳಗೆ ನಡೆದ ಚರ್ಚೆ ನಾಲ್ಕು ದಿನ ನಿಲ್ಲಲಿಲ್ಲ. ರೊಟ್ಟಿಯನ್ನು ಹಾಡಿಗೆ ತಿರುಗಿಸಿ ತೋರಿಸಿದ ಹಳೆಯ ವಿಡಿಯೊಗಳನ್ನು ಯಾರೂ ಯಾರಿಗೂ ಕಳಿಸಿರಲಿಲ್ಲ.

ಮಾಡುವ ರೀತಿ ಸರಳ. ಮೊಬೈಲ್ ಉದ್ದಕ್ಕೆ ಹಿಡಿಯಿರಿ. ಲೆನ್ಸ್ ಒರೆಸಿ. ಕಿಟಕಿಯ ಬೆಳಕು ವಸ್ತುವಿನ ಮೇಲೆ ಬೀಳಲಿ. ನಮಸ್ಕಾರ, ಸ್ವಾಗತ ಎಲ್ಲ ಬಿಟ್ಟು ಮೊದಲ ಮೂರು ಸೆಕೆಂಡಿನಲ್ಲೇ ವಿಷಯಕ್ಕೆ ಬನ್ನಿ. ಎಷ್ಟೋ ಜನ ಬಸ್ಸಿನಲ್ಲಿ, ಆಫೀಸಿನಲ್ಲಿ ದನಿ ಇಲ್ಲದೆ ನೋಡುತ್ತಾರೆ, ಅದಕ್ಕೆ ಮಾತನ್ನು ಕನ್ನಡ ಅಕ್ಷರದಲ್ಲೂ ಹಾಕಿ. ಇನ್‌ಸ್ಟಾಗ್ರಾಮ್ ಪ್ರೊಫೈಲಿನಲ್ಲಿ ಚೌಕದ ಬದಲು ಈಗ ಉದ್ದನೆಯ ಚೌಕಟ್ಟು ಬಂದಿದೆ. ಹಳೆಯ ಪೋಸ್ಟರ್‌ಗಳಲ್ಲಿ ಹೆಸರು ಅಂಚಿನಲ್ಲಿ ಕತ್ತರಿಸಿ ಹೋಗಿದ್ದರೆ ಸರಿ ಮಾಡಿಕೊಳ್ಳಿ.

ನಿಮ್ಮ ಊರಿನ ಮಾತನ್ನೇ ಆಡಿ ಎಂದು ನಾನು ಒತ್ತಿ ಹೇಳುತ್ತೇನೆ. ಚಿಗವ್ವ ಮೊದಲು ಪುಸ್ತಕದ ಕನ್ನಡದಲ್ಲಿ, ಹೆದರಿಕೊಂಡು ಮಾತಾಡುತ್ತಿದ್ದಳು. ವಿಜಯಪುರದ ಮಾತಿಗೆ ಇಳಿದ ಮೇಲೆ ಅವಳ ಮುಖವೇ ಬೇರೆಯಾಯಿತು. ಮಂಗಳೂರಿನವರು ಮಂಗಳೂರು ಕನ್ನಡದಲ್ಲಿ, ಮಂಡ್ಯದವರು ಮಂಡ್ಯದ ಕನ್ನಡದಲ್ಲಿ ಮಾತಾಡಲಿ. ದೊಡ್ಡ ಬ್ರ್ಯಾಂಡ್‌ಗಳು ದುಡ್ಡು ಕೊಟ್ಟು ತರಿಸಬೇಕಾದ ಸೊಗಡು ಅದು. ನಿಮಗೆ ಹುಟ್ಟಿನಿಂದಲೇ ಬಂದಿದೆ.

ಹಾಡಿನ ಬಗ್ಗೆ ಎಚ್ಚರ. ಸಿನಿಮಾ ಹಾಡನ್ನು ವೈಯಕ್ತಿಕ ಖಾತೆಯಲ್ಲಿ ಬಳಸಿದ ಹಾಗೆ ವ್ಯಾಪಾರದ ಖಾತೆಯಲ್ಲಿ ಬಳಸಲು ಬರುವುದಿಲ್ಲ. ಹಕ್ಕುದಾರರು ಕೇಳಿದರೆ ತೊಂದರೆ. ಮೆಟಾದ ಸೌಂಡ್ ಕಲೆಕ್ಷನ್, ಯೂಟ್ಯೂಬ್‌ನ ಆಡಿಯೊ ಲೈಬ್ರರಿಯಲ್ಲಿ ಬೇಕಾದಷ್ಟು ಸಂಗೀತ ಇದೆ. ಅದಕ್ಕಿಂತ ರೊಟ್ಟಿ ಬಡಿಯುವ ಸದ್ದೇ ಚೆಂದ.

ಹಂತ 4: ಪ್ರಚಾರಕರನ್ನು ಆರಿಸುವಾಗ ಊರಿನ ಮನಸ್ಸು ನೋಡಿ

2025ರ ಮೇ ತಿಂಗಳು ನೆನಪಿದೆಯಾ? ಮೈಸೂರು ಸ್ಯಾಂಡಲ್ ಸೋಪ್ ತಯಾರಿಸುವ ರಾಜ್ಯ ಸರ್ಕಾರದ ಕೆಎಸ್‌ಡಿಎಲ್ ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ನಟಿ ತಮನ್ನಾ ಭಾಟಿಯಾ ಅವರನ್ನು ರಾಯಭಾರಿ ಮಾಡಿಕೊಂಡಿತು. ಕನ್ನಡದ ಕಲಾವಿದರು ಇರಲಿಲ್ಲವೇ ಎಂದು ಸೋಷಿಯಲ್ ಮೀಡಿಯಾದಲ್ಲಿ ದೊಡ್ಡ ವಿರೋಧ ಎದ್ದಿತು. ಕರ್ನಾಟಕದ ಹೊರಗಿನ ಮಾರುಕಟ್ಟೆ ಹಿಡಿಯುವುದು ಉದ್ದೇಶ ಎಂದು ಸಚಿವ ಎಂ.ಬಿ. ಪಾಟೀಲ ಸಮಜಾಯಿಷಿ ಕೊಡಬೇಕಾಯಿತು. ವ್ಯಾಪಾರದ ಲೆಕ್ಕದಲ್ಲಿ ಆ ಮಾತಿಗೆ ಅರ್ಥ ಇದೆ. ಆದರೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಮನೆಮನೆಯ ಬಚ್ಚಲಿನಲ್ಲಿರುವ ಸೋಪನ್ನು ಜನ ತಮ್ಮದೇ ಆಸ್ತಿ ಅಂದುಕೊಂಡಿದ್ದಾರೆ. ಹೊರಗಿನವರಿಗೆ ಮಾರಲು ಹೊರಟಾಗ ಮನೆಯವರಿಗೆ ಮೊದಲು ಹೇಳಬೇಕಿತ್ತು ಎಂಬುದು ನನ್ನ ಅನಿಸಿಕೆ.

ಸಣ್ಣ ಬ್ರ್ಯಾಂಡ್‌ಗೆ ಕೋಟಿಯ ಮಾತಿಲ್ಲ. ನಿಮ್ಮ ಜಿಲ್ಲೆಯಲ್ಲಿ ಅಡುಗೆ, ಕೃಷಿ, ಊರೂರು ಸುತ್ತುವ ವಿಡಿಯೊ ಮಾಡುವ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಫಾಲೋವರ್ಸ್ ಸಂಖ್ಯೆ ನೋಡಬೇಡಿ, ಕಾಮೆಂಟ್ ಓದಿ. ಜನ ನಿಜವಾಗಿ ಪ್ರಶ್ನೆ ಕೇಳುತ್ತಿದ್ದಾರಾ, ಅವರು ಉತ್ತರಿಸುತ್ತಿದ್ದಾರಾ? ಹಾಗಿದ್ದರೆ ಮಾತಾಡಿಸಿ.

ಕಾನೂನು ಮಾತ್ರ ದೊಡ್ಡವರಿಗೂ ಸಣ್ಣವರಿಗೂ ಒಂದೇ. ಜಾಹೀರಾತು ಕ್ಷೇತ್ರದ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ 2021ರಲ್ಲಿ ನಿಯಮ ತಂದಿತು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಮಾರ್ಗಸೂಚಿ ಕೊಟ್ಟಿತು. ದುಡ್ಡು ಕೊಟ್ಟಿದ್ದರೂ, ಎರಡು ಪ್ಯಾಕೆಟ್ ರೊಟ್ಟಿ ಪುಕ್ಕಟೆ ಕೊಟ್ಟಿದ್ದರೂ ಅದು ಪ್ರಚಾರ ಎಂದು ನೋಡುವವರಿಗೆ ಸ್ಪಷ್ಟವಾಗಿ ಹೇಳಬೇಕು. ಹತ್ತು ಹ್ಯಾಶ್‌ಟ್ಯಾಗ್‌ಗಳ ನಡುವೆ ಬಚ್ಚಿಡಬಾರದು. ವಿಡಿಯೊ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಹೇಳಬೇಕು. ಅಂದರೆ ಕನ್ನಡ ವಿಡಿಯೊದಲ್ಲಿ “ಜಾಹೀರಾತು” ಎಂಬ ಪದ ಕಾಣಲಿ, ಕೇಳಲಿ. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಮತ್ತೆ ತಪ್ಪಿದರೆ 50 ಲಕ್ಷದವರೆಗೆ. “ನಮ್ಮ ರೊಟ್ಟಿ ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದೆ” ಎಂಬಂಥ ಮಾತು ಬೇಡವೇ ಬೇಡ.

ಹಂತ 5: ನೋಡಿದವರನ್ನು ವಾಟ್ಸಾಪ್‌ಗೆ ಕರೆತನ್ನಿ

ಚಿಗವ್ವನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ವಿಡಿಯೊ ನೋಡಿ ರೊಟ್ಟಿ ಬೇಕು ಅನ್ನಿಸಿದವರು ಮುಂದೆ ಏನು ಮಾಡಬೇಕು ಎಂಬುದೇ ಅವಳ ಪೇಜಿನಲ್ಲಿ ಇರಲಿಲ್ಲ. ನಂಬರ್ ಇಲ್ಲ, ದರ ಇಲ್ಲ. ಕೇಳಿದವರಿಗೆ “ಡಿಎಂ ಮಾಡಿ” (ಖಾಸಗಿ ಮೆಸೇಜ್ ಕಳಿಸಿ) ಎಂಬ ಉತ್ತರ, ಆ ಡಿಎಂ ನೋಡುವವರು ಯಾರೂ ಇಲ್ಲ.

ವಾಟ್ಸಾಪ್ ಬಿಸಿನೆಸ್ ಆ್ಯಪ್ 2018ರಿಂದ ಇದೆ, ಪುಕ್ಕಟೆ. ಬೇರೆ ನಂಬರಿನಲ್ಲಿ ಹಾಕಿಕೊಳ್ಳಿ. ಕ್ಯಾಟಲಾಗ್‌ನಲ್ಲಿ ಪ್ರತಿ ಪದಾರ್ಥದ ಫೋಟೊ, ತೂಕ, ದರ ಹಾಕಿ. ಪದೇ ಪದೇ ಬರುವ ಪ್ರಶ್ನೆಗೆ ಕ್ವಿಕ್ ರಿಪ್ಲೈ (ಸಿದ್ಧ ಉತ್ತರ) ಬರೆದಿಟ್ಟುಕೊಳ್ಳಿ. ಲೇಬಲ್ ಹಾಕಿ: ಹೊಸ ಗಿರಾಕಿ, ದುಡ್ಡು ಬಂದಿದೆ, ಕೊರಿಯರ್ ಆಗಿದೆ. ಆಮೇಲೆ ಇನ್‌ಸ್ಟಾಗ್ರಾಮ್ ಬಯೋದಲ್ಲಿ, ಯೂಟ್ಯೂಬ್ ವಿವರಣೆಯಲ್ಲಿ, ಪ್ಯಾಕೆಟ್ ಮೇಲಿನ ಕ್ಯೂಆರ್ ಕೋಡ್‌ನಲ್ಲಿ ಈ ಒಂದೇ ನಂಬರಿನ ಲಿಂಕ್ ಕೊಡಿ.

ಒಂದೇ ಮೆಸೇಜನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯ ಗುಟ್ಟು ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಪಟ್ಟಿಗೆ 256 ಜನರ ಮಿತಿ ಇದೆ. ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ. ಆದ್ದರಿಂದ ಮೊದಲ ಆರ್ಡರ್ ಬಂದಾಗಲೇ “ಈ ನಂಬರ್ ಸೇವ್ ಮಾಡಿಕೊಳ್ಳಿ, ಹಬ್ಬಕ್ಕೆ ಮುಂಚೆ ತಿಳಿಸುತ್ತೇವೆ” ಎಂದು ಕೇಳಿ. ಜಾಸ್ತಿ ಜನರಿಗೆ ಸುದ್ದಿ ಮುಟ್ಟಿಸಬೇಕಾದರೆ 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂದ ವಾಟ್ಸಾಪ್ ಚಾನೆಲ್ ಇದೆ. ಅಲ್ಲಿ ಸೇರಿದವರ ನಂಬರ್ ಬೇರೆಯವರಿಗೆ ಕಾಣುವುದಿಲ್ಲ, ಹೆಣ್ಣುಮಕ್ಕಳಿಗೆ ಇದು ದೊಡ್ಡ ನೆಮ್ಮದಿ.

ಎಲ್ಲಿಂದಲೋ ನಂಬರ್ ಪಟ್ಟಿ ಕೊಂಡು ತಂದು ಮೆಸೇಜ್ ಹಾಕಬೇಡಿ. ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಗಿರಾಕಿಯ ನಂಬರ್ ಯಾತಕ್ಕೆ ತೆಗೆದುಕೊಂಡಿರೋ ಅದಕ್ಕೇ ಬಳಸಿ. ಬೇಡ ಅಂದವರ ಹೆಸರನ್ನು ಅವತ್ತೇ ತೆಗೆಯಿರಿ.

ಹಂತ 6: ದುಡ್ಡು ಹಾಕಿದರೆ ಲೆಕ್ಕ ಇಟ್ಟು ಹಾಕಿ

ಯಾವ ವಿಡಿಯೊ ತನ್ನಷ್ಟಕ್ಕೆ ಚೆನ್ನಾಗಿ ಓಡಿತೋ ಅದಕ್ಕೆ ಮಾತ್ರ ದುಡ್ಡು ಹಾಕಿ. ಓಡದ್ದನ್ನು ಬೂಸ್ಟ್ ಮಾಡುವುದು ಬರಡು ಎಮ್ಮೆಗೆ ಹಿಂಡಿ ಹಾಕಿದ ಹಾಗೆ. ಒತ್ತಿದರೆ ನೇರ ವಾಟ್ಸಾಪ್ ತೆರೆಯುವ ಜಾಹೀರಾತು ಆರಿಸಿ. ನೀವು ಕಳಿಸಬಲ್ಲ ಊರುಗಳನ್ನಷ್ಟೇ ಗುರುತು ಮಾಡಿ. ಜಾಹೀರಾತಿನ ಖರ್ಚಿನ ಮೇಲೆ ಶೇ 18ರಷ್ಟು ಜಿಎಸ್‌ಟಿ ಸೇರುತ್ತದೆ ಎಂಬುದು ನೆನಪಿರಲಿ.

ಆ್ಯಪ್ ತೋರಿಸುವ ಅಂಕಿ ಅಂಶವನ್ನೇ ಪೂರ್ತಿ ನಂಬಬೇಡಿ. 2021ರಲ್ಲಿ ಆ್ಯಪಲ್ ಕಂಪನಿ ಐಫೋನ್‌ನಲ್ಲಿ ಆ್ಯಪ್‌ಗಳು ಅನುಮತಿ ಇಲ್ಲದೆ ಬಳಕೆದಾರರ ಚಟುವಟಿಕೆಯ ಬೆನ್ನು ಹತ್ತುವುದನ್ನು ತಡೆದ ಮೇಲೆ, ಯಾವ ಜಾಹೀರಾತಿನಿಂದ ಯಾವ ಮಾರಾಟ ಆಯಿತು ಎಂದು ಹೇಳುವುದು ಕಷ್ಟವಾಗಿದೆ. ಎಣಿಸುವ ರೀತಿಯೂ ಬದಲಾಗುತ್ತಿರುತ್ತದೆ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಓಡಲು ಶುರುವಾದರೆ ಸಾಕು, ಒಂದು ವ್ಯೂ ಎಂದು ಯೂಟ್ಯೂಬ್ ಲೆಕ್ಕ ಹಾಕುತ್ತದೆ. ಅಂದಿನಿಂದ ನಿಮ್ಮ ವ್ಯೂಸ್ ಏರಿದ್ದರೆ ಹಿಗ್ಗುವ ಮೊದಲು “ಎಂಗೇಜ್ಡ್ ವ್ಯೂಸ್” ನೋಡಿ, ಹಳೆಯ ಲೆಕ್ಕ ಅಲ್ಲಿ ಸಿಗುತ್ತದೆ.

ಹಂತ 7: ಎಐ ಎಲ್ಲಿ ಬೇಕು, ಎಲ್ಲಿ ಬೇಡ

ಕ್ಯಾಪ್ಷನ್ ತಿದ್ದಲು, ತಿಂಗಳ ಪೋಸ್ಟ್ ಪಟ್ಟಿ ಮಾಡಲು, ಇಂಗ್ಲಿಷ್ ಗಿರಾಕಿಗೆ ಉತ್ತರ ಬರೆಯಲು ಎಐ ಬಳಸಿ, ತಪ್ಪೇನಿಲ್ಲ. ಆದರೆ ಮಾರುವ ವಸ್ತುವಿನ ಚಿತ್ರ ಮಾತ್ರ ನಿಜದ್ದೇ ಇರಲಿ. ಎಐ ಬಿಡಿಸಿದ ದುಂಡನೆಯ, ಹೊಳೆಯುವ ರೊಟ್ಟಿ ನೋಡಿ ಆರ್ಡರ್ ಮಾಡಿದವರು ಅಂಚು ಸೀಳಿದ ನಿಜವಾದ ರೊಟ್ಟಿ ಬಂದಾಗ ಮೋಸ ಅಂದುಕೊಳ್ಳುತ್ತಾರೆ. ನಿಜ ಎನ್ನಿಸುವಂಥ ಎಐ ದೃಶ್ಯ ಹಾಕಿದರೆ ಅದನ್ನು ತಿಳಿಸಬೇಕು ಎಂಬ ನಿಯಮ ಯೂಟ್ಯೂಬ್‌ನಲ್ಲಿ 2024ರ ಮಾರ್ಚ್‌ನಿಂದ ಇದೆ. ಮೆಟಾ ಕೂಡ ಅಂಥ ಚಿತ್ರಕ್ಕೆ ಲೇಬಲ್ ಹಚ್ಚುತ್ತದೆ. ತಿನ್ನುವ ಪದಾರ್ಥವಾದರೆ ಪ್ಯಾಕೆಟ್ ಫೋಟೊದಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಪರವಾನಗಿ ನಂಬರ್ ಕಾಣುವ ಹಾಗೆ ತೆಗೆಯಿರಿ.

ಹಂತ 8: ವಾರಕ್ಕೊಮ್ಮೆ ನೋಟ್‌ಬುಕ್ ತೆರೆಯಿರಿ

ಚಿಗವ್ವ ಈಗ ಉದ್ದನೆಯ ನೋಟ್‌ಬುಕ್ ಒಂದರಲ್ಲಿ ನಾಲ್ಕು ಕಾಲಂ ಹಾಕಿದ್ದಾಳೆ: ವಾರದ ವಿಡಿಯೊ, ಎಷ್ಟು ಜನ ಬೇರೆಯವರಿಗೆ ಕಳಿಸಿದರು, ವಾಟ್ಸಾಪ್‌ಗೆ ಎಷ್ಟು ಹೊಸಬರು ಬಂದರು, ಹಳಬರು ಎಷ್ಟು ಜನ ಮತ್ತೆ ತರಿಸಿದರು. ಹೊಸ ಗಿರಾಕಿ ಬಂದರೆ “ನಮ್ಮ ಬಗ್ಗೆ ಹ್ಯಾಂಗ ಗೊತ್ತಾತು?” ಎಂದು ಕೇಳಿ ಪಕ್ಕದಲ್ಲಿ ಬರೆದುಕೊಳ್ಳುತ್ತಾಳೆ. ಫಾಲೋವರ್ಸ್‌ಗೆ ಕಾಲಂ ಇಲ್ಲ. ಬೈಗುಳದ ಕಾಮೆಂಟ್ ಬಂದರೆ ಅಳಿಸುವುದಿಲ್ಲ. ರೊಟ್ಟಿ ಮುರಿದು ಬಂತು ಎಂದು ಒಬ್ಬರು ಸಿಟ್ಟಿನಿಂದ ಬರೆದಾಗ ಎಲ್ಲರ ಎದುರೇ ಕ್ಷಮೆ ಕೇಳಿ ಇನ್ನೊಂದು ಪ್ಯಾಕೆಟ್ ಕಳಿಸಿದಳು. ಮರುವಾರ ರಟ್ಟಿನ ಡಬ್ಬಿ ಬದಲಿಸಿ, ಆ ಹೊಸ ಡಬ್ಬಿಯನ್ನು ಎದೆಮಟ್ಟದಿಂದ ನೆಲಕ್ಕೆ ಬೀಳಿಸುವ ವಿಡಿಯೊ ಮಾಡಿದಳು. ಹನ್ನೆರಡು ರೊಟ್ಟಿಯಲ್ಲಿ ಒಂದು ಮುರಿಯಿತು. ಅದನ್ನೂ ತೋರಿಸಿದಳು. ಆ ವಾರದ ಪುಟದಲ್ಲಿ “ಹ್ಯಾಂಗ ಗೊತ್ತಾತು” ಎಂಬುದರ ಮುಂದೆ ಆರು ಸಲ ಒಂದೇ ಉತ್ತರ ಇದೆ: “ಅಕ್ಕ ಕಳಿಸಿದ್ಲು, ಡಬ್ಬಿ ಬೀಳಿಸೋ ವಿಡಿಯೊ.”