ಉದ್ರಿ ಕೊಟ್ಟೆ, ದುಡ್ಡು ಮರಳಿ ಬಂತು: ಅಟ್ಲಾಂಟಾದ ಸಲೂನ್‌ಗಳ ಜೊತೆ ನನ್ನ ಅನುಭವ

ಕೂದಲಿನ ವ್ಯಾಪಾರದಲ್ಲಿ ಇರುವವರಿಗೆ ಭಾಗ್ಯನಗರದ ಪರಿಚಯ ಮಾಡಿಸಬೇಕಾಗಿಲ್ಲ. ಕೊಪ್ಪಳದ ಪಕ್ಕದ ಆ ಊರಲ್ಲಿ ನನ್ನ ಸೋದರಮಾವನ ಯೂನಿಟ್ ಇದೆ. ನಾನಿರುವುದು ಅಟ್ಲಾಂಟಾ ಹತ್ತಿರದ ಡಿಕೇಟರ್‌ನಲ್ಲಿ. 2018ರಲ್ಲಿ ಗ್ರೀನ್ ಕಾರ್ಡ್ ಕೈಗೆ ಬಂತು. ಅದೇ ವರ್ಷ ಮಾವನ ಮಾಲನ್ನು, ಅಂದರೆ ಹೆಂಗಸರು ತಮ್ಮ ಕೂದಲಿಗೆ ಸೇರಿಸಿ ಹೊಲಿಸಿಕೊಳ್ಳುವ ಕೂದಲಿನ ಕಟ್ಟುಗಳನ್ನು, ಇಲ್ಲಿನ ಆಫ್ರಿಕನ್ ಅಮೆರಿಕನ್ ಸಲೂನ್ ಮಾಲಕಿಯರಿಗೆ ನೇರವಾಗಿ ಕೊಡಲು ಶುರು ಮಾಡಿದೆ. ಸಣ್ಣ ಲಾಟು, ಅವರದೇ ಲೇಬಲ್, 30 ದಿನ ಉದ್ರಿ. ಇಷ್ಟೇ ನನ್ನ ದಾರಿ.

ಮಾವ ಆಗ ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಮುಖಾ ನೋಡದ ಮಂದಿಗೆ ಉದ್ರಿ ಕೊಟ್ರ ರೊಕ್ಕಾ ಹೊಳ್ಳಿ ಬರೂದಿಲ್ಲೋ ತಮ್ಮಾ." ಇಲ್ಲಿನ ನಮ್ಮ ಜನರೂ ಅದನ್ನೇ ಹೇಳಿದರು. ಒಬ್ಬರಂತೂ ಊಟಕ್ಕೆ ಕರೆದು, ಕಪ್ಪು ಜನರ ಏರಿಯಾದಲ್ಲಿ ವ್ಯಾಪಾರ ಬೇಡ ಎಂದು ಬುದ್ಧಿ ಹೇಳಿ ಕಳಿಸಿದರು. ಏಳು ವರ್ಷದ ಲೆಕ್ಕ ಈಗ ನನ್ನ ಹತ್ತಿರ ಇದೆ. ಕೊಟ್ಟ ಉದ್ರಿ ಒಟ್ಟು 2 ಲಕ್ಷ 20 ಸಾವಿರ ಡಾಲರ್ ಇರಬೇಕು. ಬರದೇ ಹೋದದ್ದು ಸುಮಾರು 1,400. ಅದರಲ್ಲೂ ಜಾಸ್ತಿ ಪಾಲು ಕಾಯಿಲೆ ಬಿದ್ದು ಅಂಗಡಿ ಮುಚ್ಚಿದ ಒಬ್ಬರದು. ಭಾರತದಲ್ಲಿ ಯಾವ ಹೋಲ್‌ಸೇಲ್ ಅಂಗಡಿಯವರು ಇಂಥ ಲೆಕ್ಕ ತೋರಿಸುತ್ತಾರೆ, ಹೇಳಿ.

ಆದರೆ ಮೊದಲ ಲಾಟಿನಲ್ಲೇ ನಾನು ಸೋತಿದ್ದೆ. ತರಿಸಿದ್ದು 6 ಕೆಜಿ, ಅಂದರೆ 60 ಬಂಡಲ್. ಅದು ಬಾಚುವಾಗ ಉದುರಿದ ಉಂಡೆಗಳಿಂದ ಸಿಕ್ಕು ಬಿಡಿಸಿದ ಕೂದಲು. ಬುಡ ತುದಿ ಒಂದಾಗಿರಲಿಲ್ಲ. ಆಸಿಡ್‌ನಲ್ಲಿ ತೊಳೆದು ಸಿಲಿಕೋನ್ ಹಚ್ಚಿದ್ದರಿಂದ ನೋಡಲು ರೇಷ್ಮೆಯಂತೆ ಇತ್ತು. ಮೂರು ಸಲ ತಲೆ ತೊಳೆಯುವಷ್ಟರಲ್ಲಿ ಗಂಟು ಗಂಟು. ಬೈಗುಳ ಬಿದ್ದದ್ದು ನನಗಲ್ಲ, ಅದನ್ನು ತಲೆಗೆ ಹೊಲಿದು ಕೊಟ್ಟ ಹೆಂಗಸರಿಗೆ. ಎಲ್ಲರ ಹಣವನ್ನೂ ವಾಪಸ್ ಕೊಟ್ಟೆ. ಸಾಗಾಟ ಸೇರಿ ಕಳೆದುಕೊಂಡದ್ದು ಸುಮಾರು 2,600 ಡಾಲರ್.

ಮಿಸ್ ಡಿ ಎಂದು ಕರೆಯುತ್ತೇನೆ, ನನ್ನ ಮೊದಲ ಗಿರಾಕಿ. ಆಗಲೇ ಐವತ್ತೈದು ದಾಟಿದ್ದರು. ಹಣ ಕೊಡಲು ಹೋದಾಗ ಅದನ್ನು ಎಣಿಸಲೂ ಇಲ್ಲ. "ಬೇಬಿ, ದುಡ್ಡು ವಾಪಸ್ ಕೊಡಲು ಬಂದ ಸಪ್ಲೈಯರ್ ನೀನೇ ಮೊದಲು. ಕೂತ್ಕೋ" ಅಂದರು. ಎರಡು ಗಂಟೆ ಕೂತೆ. ಈ ವ್ಯಾಪಾರದ ಬಗ್ಗೆ ನಾನು ಕಲಿತದ್ದು ಹೆಚ್ಚಾಗಿ ಆ ಎರಡು ಗಂಟೆಯಲ್ಲೇ.

ಅವರ ಬಳಿ ಗಿರಾಕಿ ಇದ್ದರು, ಕೈಯಲ್ಲಿ ಕೆಲಸ ಇತ್ತು. ಇಲ್ಲದ್ದು ಮಾಲು. ದೊಡ್ಡ ವಿತರಕರು ಕನಿಷ್ಠ ಆರ್ಡರ್ 5,000 ಡಾಲರ್, ಹಣ ಮುಂಗಡ ಎನ್ನುತ್ತಿದ್ದರು. ಹಾಗಾಗಿ ಗಿರಾಕಿಗಳೇ ಪಕ್ಕದ ಬ್ಯೂಟಿ ಸಪ್ಲೈ ಅಂಗಡಿಯಿಂದ ಕೂದಲು ತಂದು ಕೊಡುತ್ತಿದ್ದರು. ಇವರಿಗೆ ಬರುತ್ತಿದ್ದದ್ದು ಬರೀ ಹೊಲಿಗೆಯ ಕೂಲಿ. ಕಪ್ಪು ಜನರ ಬಡಾವಣೆಗಳಲ್ಲಿ ಆ ಅಂಗಡಿಗಳ ಮಾಲೀಕರು ಬಹುಪಾಲು ಕೊರಿಯಾ ಮೂಲದವರು. 1960ರ ದಶಕದಲ್ಲಿ ಅಮೆರಿಕ ಚೀನಾದ ಕೂದಲನ್ನು ತಡೆದಾಗ ಕೊರಿಯಾದ ವಿಗ್ ಉದ್ಯಮ ಬೆಳೆಯಿತು, ಅದರ ಜೊತೆಗೆ ಈ ಅಂಗಡಿಗಳೂ ಬಂದವು. ಅವರು ದುಡಿದು ಕಟ್ಟಿದ್ದು, ಅದರಲ್ಲಿ ತಪ್ಪೇನಿಲ್ಲ. ಆದರೆ ತಲೆ ಇವರ ಜನರದ್ದು, ಲಾಭ ಮಾತ್ರ ಬೇರೆ ಬೀದಿಗೆ ಹೋಗುತ್ತಿತ್ತು.

ಹಿಂದೆ ಹೀಗಿರಲಿಲ್ಲ. ಮಿಸ್ ಡಿ ಅಂಗಡಿಯ ಗೋಡೆಯ ಮೇಲೆ ಮೇಡಂ ಸಿ. ಜೆ. ವಾಕರ್ ಫೋಟೋ ಇದೆ. 1867ರಲ್ಲಿ ಲೂಸಿಯಾನಾದಲ್ಲಿ ಹುಟ್ಟಿ, ಬಟ್ಟೆ ಒಗೆದು ಬದುಕಿದ ಹೆಂಗಸು. ಮುಂದೆ ಇಂಡಿಯಾನಾಪೊಲಿಸ್‌ನಲ್ಲಿ ಕೂದಲ ಆರೈಕೆಯ ಕಾರ್ಖಾನೆ ಹಾಕಿದಳು. ಆಕೆಯ ಸರಕು ಮಾರಿದವರು ಸಾವಿರಾರು ಕಪ್ಪು ಹೆಂಗಸರು. ಅಟ್ಲಾಂಟಾದ್ದೇ ಆದ ಅಲೋಂಜೊ ಹರ್ನ್‌ಡನ್ ಗುಲಾಮಗಿರಿಯಲ್ಲಿ ಹುಟ್ಟಿದವನು. ಕ್ಷೌರದಂಗಡಿಯ ದುಡಿಮೆಯಿಂದ ಮೇಲೆ ಬಂದು 1905ರಲ್ಲಿ ಇನ್ಶೂರೆನ್ಸ್ ಕಂಪನಿಯನ್ನೇ ಶುರು ಮಾಡಿದ. ಮಾರುವ ಹಕ್ಕು ಅಂಗಡಿಯ ಹೆಂಗಸರ ಕೈಗೇ ಮರಳಿ ಬರಬೇಕು ಎಂದು ನನಗೆ ಅಲ್ಲಿ ಕೂತೇ ಅನಿಸಿತು.

ಎರಡನೇ ಲಾಟಿಗೆ ಸಿಕ್ಕು ಕೂದಲು ಕೈಬಿಟ್ಟೆ. ಮಾವನಿಗೆ ಚೆನ್ನೈಯಿಂದ ತಿರುಪತಿ ಮುಡಿಯ ಕೂದಲು ತರಿಸಲು ಹೇಳಿದೆ. ಅದು ಬುಡದಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಇರುತ್ತದೆ. ವೆಫ್ಟ್, ಅಂದರೆ ಕೂದಲನ್ನು ಸಾಲಾಗಿ ಪಟ್ಟಿ ಮಾಡುವ ಹೊಲಿಗೆ, ಮಾವನ ಯೂನಿಟ್‌ನಲ್ಲೇ. 2022ರ ಜನವರಿಯಲ್ಲಿ ಭಾರತದಿಂದ ಕಚ್ಚಾ ಕೂದಲಿನ ರಫ್ತಿಗೆ ನಿರ್ಬಂಧ ಬಂದಾಗ ನಾವು ಬಚಾವಾದದ್ದು ಈ ಹೊಲಿಗೆಯಿಂದಲೇ. ಇಲ್ಲಿಗೆ ಬಂದು ಬೀಳುವಾಗ 18 ಇಂಚಿನ ಬಂಡಲ್‌ಗೆ ನನಗೆ ಸುಮಾರು 42 ಡಾಲರ್ ಆಗುತ್ತಿತ್ತು. ನಾನು ಕೊಡುತ್ತಿದ್ದದ್ದು 58ಕ್ಕೆ. ಅವರು ಮಾರುತ್ತಿದ್ದದ್ದು 110, 120ಕ್ಕೆ. ಗುಂಗುರು ನಿಲ್ಲಲು ಹಬೆ ಎಷ್ಟು ಹೊತ್ತು, ನೀರಿಗೆ ಏನು ಹಾಕುತ್ತೇವೆ ಎಂದು ಕೇಳಬೇಡಿ. ಅದಕ್ಕೆ ನಾನು ಎರಡು ವರ್ಷ ಕಳೆದಿದ್ದೇನೆ.

ಹಣ ತಪ್ಪದೆ ಬಂದದ್ದಕ್ಕೆ ಇನ್ನೊಂದು ಕಾರಣವಿದೆ. ಹನ್ನೊಂದು ಮಾಲಕಿಯರು ಒಟ್ಟಿಗೆ ಆರ್ಡರ್ ಹಾಕುತ್ತಾರೆ, ಆರು ವಾರಕ್ಕೊಮ್ಮೆ. ಹಿಂದಿನದು ತೀರದೆ ಮುಂದಿನದಿಲ್ಲ. ಅವರಲ್ಲಿ ಟ್ರಿನಿಡಾಡ್ ಮೂಲದ ಒಬ್ಬರು ಸೂಸೂ ಬಗ್ಗೆ ಹೇಳಿದರು. ಕೇಳಿ ಖುಷಿಯಾಯಿತು, ಅದು ನಮ್ಮ ಚೀಟಿಯೇ! ತಿಂಗಳಿಗೆ ತಲಾ 300 ಡಾಲರ್, ಒಬ್ಬರಿಗೆ ಒಮ್ಮೆ 3,300. ನಾನು ಜಾಣತನ ಮಾಡಲು ಹೋಗಿ ನಮ್ಮ ಹರಾಜು ಚೀಟಿ ಕಲಿಸಿದೆ. ಎರಡೇ ತಿಂಗಳಲ್ಲಿ ಬೇಡ ಅಂದರು. ಕಷ್ಟದಲ್ಲಿರುವವರು ಕೂಗಿ ಕಡಿಮೆ ಹಣ ತಗೊಳ್ಳುವುದು ಅವರಿಗೆ ಸರಿ ಕಾಣಲಿಲ್ಲ. ಯೋಚಿಸಿದರೆ ಅವರದೇ ಸರಿ. ದಾಸವಾಳ, ಗರುಗದ ಸೊಪ್ಪು ಕಾಯಿಸಿದ ಎಣ್ಣೆಯನ್ನೂ 40 ಬಾಟಲಿ ತಂದಿದ್ದೆ. ಆರೋ ಏಳೋ ಖರ್ಚಾದವು. ಬಿಗಿ ಸುರುಳಿಯ ಕೂದಲಿಗೆ ಅವರಿಗೆ ಬೇಕಾದದ್ದು ಶಿಯಾ ಬೆಣ್ಣೆಯಂಥ ಗಟ್ಟಿ ಜಿಡ್ಡು. ಮೊದಲೇ ಕೇಳಬೇಕಿತ್ತು.

ಇನ್ನು ಬ್ಯಾಂಕಿನ ಕಥೆ. 2019ರಲ್ಲಿ ಪಕ್ಕದ ಮಳಿಗೆ ಖಾಲಿಯಾಯಿತು. ಎರಡು ಕುರ್ಚಿಯನ್ನು ಆರು ಮಾಡಲು ಮಿಸ್ ಡಿ 30,000 ಸಾಲ ಕೇಳಿದರು. ಒಂದು ಬ್ಯಾಂಕು ಎರಡು ಸಲ ಇಲ್ಲ ಅಂದಿತು. ಕ್ರೆಡಿಟ್ ಸ್ಕೋರ್ ಸಾಲದು, ಅಡಮಾನಕ್ಕೆ ಏನೂ ಇಲ್ಲ ಎಂದು ಕಾರಣ ಕೊಟ್ಟರು. ಮನೆ ಇತ್ತು, ಆದರೆ ಆ ಕಡೆಯ ಮನೆಗೆ ಬೆಲೆ ಕಟ್ಟುವುದೇ ಕಡಿಮೆ. 1930ರ ದಶಕದಲ್ಲಿ ಸರ್ಕಾರಿ ನಕ್ಷೆಗಳಲ್ಲಿ ಕಪ್ಪು ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು, ಸಾಲಕ್ಕೆ ಅಪಾಯ ಎಂದು ಗುರುತು ಹಾಕಿದ್ದರು. ಅದರ ನೆರಳು ಇನ್ನೂ ಹೋಗಿಲ್ಲ. ಅಮೆರಿಕದ ಜನರಲ್ಲಿ ಕಪ್ಪು ಜನ ನೂರಕ್ಕೆ ಹದಿಮೂರರಷ್ಟು ಇದ್ದಾರೆ. ಸಂಬಳದ ನೌಕರರಿರುವ ಉದ್ದಿಮೆಗಳಲ್ಲಿ ಅವರದು ನೂರಕ್ಕೆ ಮೂರರ ಆಸುಪಾಸು. ಇದು ಸೋಮಾರಿತನದಿಂದ ಆದದ್ದಲ್ಲ. ಮಿಸ್ ಡಿ ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

2020ರ ಏಪ್ರಿಲ್‌ನಲ್ಲಿ ಸಲೂನ್‌ಗಳು ಮುಚ್ಚಿದವು. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಟ್ಟ ಮೊದಲ ಕಂತಿನ 349 ಬಿಲಿಯನ್ ಡಾಲರ್ 13 ದಿನದಲ್ಲಿ ಮುಗಿದುಹೋಯಿತು. ನಮ್ಮ ಹನ್ನೊಂದು ಜನರಲ್ಲಿ ಆ ಕಂತಿನಲ್ಲಿ ಒಬ್ಬರಿಗೂ ಸಿಗಲಿಲ್ಲ. ನನಗೆ ಬರಬೇಕಾದ 5,000 ನಿಂತೇ ಹೋಯಿತು. ಮಾವ ದಿನಾ ಫೋನ್. ರಾತ್ರಿ ನಿದ್ದೆ ಇಲ್ಲ. ಆದರೂ ನಾನು ಕೇಳಲಿಲ್ಲ. ಇದ್ದ 3 ಕೆಜಿಯನ್ನೂ ಹಂಚಿಬಿಟ್ಟೆ. ಅವರು ಮನೆಯಲ್ಲಿ ಕೂತು ವೆಫ್ಟನ್ನು ಟೋಪಿಗೆ ಹೊಲಿದು ವಿಗ್ ಮಾಡಿದರು. ಜಗುಲಿಯಲ್ಲೇ ವ್ಯಾಪಾರ, ಒಂದಕ್ಕೆ 350, 400 ಡಾಲರ್. ಸೆಪ್ಟೆಂಬರ್ ಹೊತ್ತಿಗೆ ನನ್ನ ಬಾಕಿ ಪೂರ್ತಿ ತೀರಿತು. ವಿಗ್ ಈಗ ಅವರ ವ್ಯಾಪಾರದ ಹತ್ತಿರ ಹತ್ತಿರ ಅರ್ಧ.

ಸಾಲ ಸಿಕ್ಕಿದ್ದು 2022ರಲ್ಲಿ. ಬ್ಯಾಂಕಿನಿಂದಲ್ಲ, ಬ್ಯಾಂಕು ಬಿಟ್ಟವರಿಗೆ ಸಾಲ ಕೊಡುವ ಸಮುದಾಯ ಸಂಸ್ಥೆಯೊಂದರಿಂದ. 1994ರ ಕಾನೂನಿನಲ್ಲಿ ಇಂಥವಕ್ಕೆ ಕೇಂದ್ರ ಸರ್ಕಾರದ ನಿಧಿ ಇದೆ. ಒಂದು ತೊಡಕು ಬಂತು. ಮಿಸ್ ಡಿ ದುಡಿಮೆಯ ಒಂದಿಷ್ಟು ಭಾಗ ನಗದು, ಮನೆಯಲ್ಲೇ. ಅವರ ಅಜ್ಜಿಯಿಂದ ಬಂದ ಅಭ್ಯಾಸ. ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆಂದು 1865ರಲ್ಲಿ ಶುರುವಾದ ಫ್ರೀಡ್‌ಮನ್ಸ್ ಬ್ಯಾಂಕು 1874ರಲ್ಲಿ ಮುಳುಗಿದಾಗ ಸುಮಾರು 60 ಸಾವಿರ ಜನರ ಉಳಿತಾಯ ಅದರಲ್ಲಿ ಸಿಕ್ಕಿಹಾಕಿಕೊಂಡಿತು. ಅಂಥ ಮನೆತನದ ನೆನಪನ್ನು ಸುಮ್ನೆ ತಳ್ಳಿಹಾಕಲು ಆಗುತ್ತಾ? ಒಂದು ವರ್ಷ ಹಿಂದೆ ಬಿದ್ದು ಎಲ್ಲವನ್ನೂ ಖಾತೆಗೆ ಹಾಕಿಸಿದೆ, ತೆರಿಗೆ ಪತ್ರ ಸರಿ ಮಾಡಿಸಿದೆವು. ನಮ್ಮ ಉದ್ರಿ ಪುಸ್ತಕದ ಎರಡೂವರೆ ವರ್ಷದ ಪುಟಗಳನ್ನು ಅರ್ಜಿಗೆ ಲಗತ್ತಿಸಿದೆವು, ಯಾವ ತಾರೀಖಿಗೆ ಮಾಲು, ಯಾವ ತಾರೀಖಿಗೆ ಹಣ ಎಂದು. ಜೊತೆಗಿಟ್ಟ ಪತ್ರದಲ್ಲಿ ಏನು ಬರೆದೆ ಎನ್ನುವುದು ನನ್ನಲ್ಲೇ ಇರಲಿ. ನಮ್ಮ ಗುಂಪಿನ ಇನ್ನೂ ಮೂವರಿಗೆ ಅದೇ ಪತ್ರ ಕೆಲಸ ಮಾಡಿತು. ಮಿಸ್ ಡಿಗೆ 22,000 ಮಂಜೂರಾಯಿತು. ಈಗ ಆರು ಕುರ್ಚಿ, ನಾಲ್ವರು ಕೆಲಸದವರು.

2025ರ ಆಗಸ್ಟ್ ಮತ್ತೆ ಹೊಡೆತ ಕೊಟ್ಟಿತು. ಭಾರತದ ಸರಕಿಗೆ ಅಮೆರಿಕದ ಸುಂಕ ಮೊದಲು 25, ತಿಂಗಳ ಕೊನೆಗೆ 50 ಶೇಕಡ. 800 ಡಾಲರ್‌ವರೆಗಿನ ಪಾರ್ಸಲ್‌ಗಿದ್ದ ವಿನಾಯಿತಿಯೂ ಹೋಯಿತು. ಬಂಡಲ್‌ಗೆ ನನಗೆ 42 ಇದ್ದದ್ದು 60 ಮುಟ್ಟಿತು. ಹನ್ನೊಂದು ಜನ ಮಿಸ್ ಡಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿದರು. ನಾನು ಲಾಭದಲ್ಲಿ 6 ಡಾಲರ್ ಬಿಟ್ಟೆ, ಅವರು ಬೆಲೆ 15 ಏರಿಸಿದರು. ಗಿರಾಕಿಗಳ ಹಳೆ ಬಂಡಲ್ ತೊಳೆದು ವಿಗ್ ಮಾಡಿಕೊಡಲು 45 ಡಾಲರ್ ಎಂದು ಬೋರ್ಡ್ ಹಾಕಿದರು. ಅದು ಅವರದೇ ಯೋಚನೆ, ನನ್ನದಲ್ಲ. ಉದ್ದ ಕೂದಲು ಕೇಳುವವರು ಕಡಿಮೆಯಾಗಿದ್ದಾರೆ. ಹಾಗಾಗಿ ಮುಂದಿನ 9 ಕೆಜಿಯಲ್ಲಿ 14 ಇಂಚಿನದ್ದೇ ಜಾಸ್ತಿ. ಮಾವ ಈ ಸಲ ಹಣ ಕಳಿಸಲು ನನಗೆ 30 ದಿನದ ಬದಲು 45 ದಿನ ಅಂದಿದ್ದಾನೆ. ನಾನು ಕೇಳಿರಲಿಲ್ಲ.